ಎದೆಯ ಎರಡು ಕಿಟಕಿ

ನಮ್ಮೂರಿನಲ್ಲಿ ಬೆಳಗಿನ ಬಿಸಿಲಿಗೆ ಬೆನ್ನು ಕೊಟ್ಟು ಬಿಳಿ ಗೋಡೆಯ ಮುಂದೆ ನಿಂತರೆ ನೆರಳಿನಲ್ಲಿ ಒಳಗಿನದೆಲ್ಲ ಕಾಣುತ್ತದೆ. ಪಕ್ಕೆಲುಬು ಕಾಣುತ್ತದೆ, ಮುಷ್ಟಿಯಷ್ಟು ದಪ್ಪದ ಹೃದಯ ಮಿಡಿಯುವುದು ಕಾಣುತ್ತದೆ, ಅದರ ಆಚೀಚೆ ಶ್ವಾಸಕೋಶಗಳು ಬೆಳ್ಳಗೆ, ತೆರೆದಿಟ್ಟ ಎರಡು ಕಿಟಕಿಗಳ ಹಾಗೆ ಕಾಣುತ್ತವೆ. ಹೊತ್ತು ಸ್ವಲ್ಪ ಮೇಲೇರಿತೆಂದರೆ ಮುಗಿಯಿತು, ಆಮೇಲೆ ಎಲ್ಲರ ನೆರಳೂ ಬರೀ ನೆರಳು. ಇದರಲ್ಲಿ ಬೆರಗಾಗುವಂಥದ್ದು ನಮಗೇನೂ ಇಲ್ಲ. ತಾಪತ್ರಯ ಮಾತ್ರ ಬೇಕಾದಷ್ಟಿದೆ.

ಊರಿನ ಮನೆಗಳಿಗೆಲ್ಲ ಕೆಮ್ಮಣ್ಣು ಬಳಿದಿರುವುದು ಇದೇ ಕಾರಣಕ್ಕೆ. ಕೆಂಪು ಗೋಡೆಯ ಮೇಲೆ ಏನೂ ಮೂಡುವುದಿಲ್ಲ. ಮಾನಕ್ಕೆ ಅಂಜುವವರು ಬೆಳಗಿನ ಹೊತ್ತು ಬೆನ್ನ ಹಿಂದೆ ಕೊಡೆ ಹಿಡಿದು ಓಡಾಡುತ್ತಾರೆ. ಒಬ್ಬರನ್ನೊಬ್ಬರು ಮೆಚ್ಚಿದ ಹುಡುಗ ಹುಡುಗಿ ಹಾಲು ತರಲು ಕೂಡ ಒಂದೇ ಬೀದಿಯಲ್ಲಿ ಹೋಗುವುದಿಲ್ಲ. ಎಲ್ಲಾದರೂ ಸುಣ್ಣದ ಗೋಡೆ ಎದುರಾದರೆ ಇಬ್ಬರ ಎದೆಗಳೂ ಅದರ ಮೇಲೆ ಕುಪ್ಪಳಿಸಿ ಊರಿಗೆಲ್ಲ ಡಂಗುರ ಹೊಡೆದುಬಿಡುತ್ತವೆ. ಬಿಳಿಯಾಗಿ ಉಳಿಸಿಕೊಂಡಿರುವುದು ಆಸ್ಪತ್ರೆಯನ್ನು ಮಾತ್ರ. ಅದರ ಅಂಗಳದ ದೊಡ್ಡ ಗೋಡೆಗೆ ಆಗಾಗ ಸುಣ್ಣ ಬಳಿಸುತ್ತಾರೆ. ಕಾಯಿಲೆ ನೋಡುವುದೂ ಅಲ್ಲೇ, ಹೆಣ್ಣು ನೋಡುವುದೂ ಅಲ್ಲೇ.

ನನ್ನ ಅತ್ತೆ ಕಾಳಮ್ಮ ನನ್ನ ಮುಖ ನೋಡುವ ಮೊದಲು ನೋಡಿದ್ದು ನನ್ನ ಎದೆಗೂಡು. “ಎರಡು ಕಿಟಕಿನೂ ಬೆಳ್ಳಗವೆ. ಮೂಗು ವಸಿ ಮೊಂಡು, ಇರ್ಲಿ ಬಿಡು” ಎಂದು ಅಲ್ಲೇ ಒಪ್ಪಿಬಿಟ್ಟರು. ಹುಡುಗ ಮೌನೇಶಾಚಾರಿ ಒಂದು ಮಾತೂ ಆಡಲಿಲ್ಲ. ನಾನು ಕದ್ದು ಅವರ ನೆರಳಿನ ಕಡೆ ಕಣ್ಣು ಹಾಯಿಸಿದಾಗ ಮಾತ್ರ ಅಲ್ಲಿ ಹೃದಯ ಮರಿಮೇಕೆಯ ಹಾಗೆ ನೆಗೆಯಿತು. ನನಗೆ ಅಷ್ಟೇ ಸಾಕಾಗಿತ್ತು. ಮದುವೆಯಾದ ಮೇಲೂ ಅವರು ಮಾತಾಡಿದ್ದು ಕಡಿಮೆ. ಬಂಗಾರದ ಕೆಲಸ ಅವರದು. ಬಾಯಲ್ಲಿ ಯಾವಾಗಲೂ ಊದುಗೊಳವೆ. ಮನೆಯ ಮಾತನ್ನೆಲ್ಲ ಅತ್ತೆಯೇ ಗುತ್ತಿಗೆ ಹಿಡಿದಿದ್ದರು. ಅವರು ಬೈಗುಳ ಶುರುಮಾಡಿದರೆ ನಡುವೆ ಉಸಿರು ತೆಗೆದುಕೊಂಡಿದ್ದನ್ನು ಕಂಡವರಿಲ್ಲ.

ಗೋಡೆ ಓದುತ್ತಿದ್ದವರು ಗುರುಪಾದಯ್ಯ ಮೇಷ್ಟ್ರು. ಊರಿನ ಅರ್ಧ ಜನಕ್ಕೆ ಅಕ್ಷರ ಕಲಿಸಿದವರು. ಶಾಲೆ ಬಿಟ್ಟ ಮೇಲೆ ಅದೇ ಬೆತ್ತ ಹಿಡಿದು ಗೋಡೆಯ ಪಕ್ಕ ನಿಂತರು. ಜ್ವರ ಬಂದವರು ಸಾಲಾಗಿ ಬಂದು ಬಿಸಿಲಿಗೆ ಬೆನ್ನು ಮಾಡಿದರೆ ಮೇಷ್ಟ್ರು ನೆರಳಿನ ಮೇಲೆ ಬೆತ್ತ ಆಡಿಸಿ ಗಟ್ಟಿಯಾಗಿ ಹೇಳುತ್ತಿದ್ದರು: “ಎರಡೂ ತೆರೆದಿವೆ, ಮನೆಗೆ ಹೋಗು.” ಅಥವಾ, “ಎಡಗಡೆದು ಅರ್ಧ ಮುಚ್ಚಿದೆ, ಔಷಧ ತಗೋ.” ಅಥವಾ, “ಎರಡೂ ಮುಚ್ಚಿವೆ, ಒಳಗೆ ಮಲಗಿಸಿ.” ಅವರು ಜನರ ಕಡೆ ತಿರುಗುತ್ತಿರಲಿಲ್ಲ. ಮುಖ ನೋಡಿದರೆ ದಾಕ್ಷಿಣ್ಯ ಬರುತ್ತದೆ, ಗೋಡೆಗೆ ದಾಕ್ಷಿಣ್ಯ ಇಲ್ಲ ಎನ್ನುತ್ತಿದ್ದರು. ಅದು ನ್ಯಾಯವೆಂದು ನಾವೆಲ್ಲ ನಂಬಿದ್ದೆವು. ಇನ್ನೊಂದು ಕಟ್ಟಳೆ ಇತ್ತು: ಸತ್ತವರ ನೆರಳು ಗೋಡೆಗೆ ಬೀಳಬಾರದು. ಯಾರಾದರೂ ತೀರಿಕೊಂಡರೆ ಮತ್ತೆ ಬೆಳಗಾಗುವ ಮೊದಲೇ ಮಣ್ಣು ಮಾಡುತ್ತಿದ್ದೆವು. ಯಾಕೆ ಎಂದು ಯಾರೂ ಕೇಳಿರಲಿಲ್ಲ.

ಆ ವರ್ಷ ಚಳಿಯ ಜೊತೆಗೇ ಜ್ವರ ಬಂತು. ಮೊದಲು ಗಂಟಲು, ಆಮೇಲೆ ಮೈಕೈ ನೋವು, ಆಮೇಲೆ ಕೆಮ್ಮು. ಬಹಳ ಜನ ವಾರ ಮಲಗಿ ಎದ್ದರು. ಕೆಲವರಿಗೆ ಅದು ಎದೆಗೆ ಇಳಿಯಿತು. ಗೋಡೆಯ ಮುಂದಿನ ಸಾಲು ಅಂಗಳ ದಾಟಿ ಬೀದಿಗೆ ಬಂತು. ಮೇಷ್ಟ್ರ ಒಬ್ಬಳೇ ಮಗಳು ವನಮಾಲಾಳಿಗೂ ಜ್ವರ ಬಂದಿತ್ತು. ಎರಡೂ ಕಿಟಕಿ ತೆರೆದಿವೆ ಎಂದು ಅವರೇ ಎಲ್ಲರೆದುರಿಗೆ ಹೇಳಿದರು. ಹೇಳುವಾಗ ಅವರ ದನಿಯಲ್ಲಿ ಸಮಾಧಾನ ಇತ್ತು. ಆ ಹುಡುಗಿ “ಅಪ್ಪ, ನಾಲ್ಕು ಹೆಜ್ಜೆ ಇಟ್ರೆ ಏದುಸಿರು ಬರುತ್ತೆ” ಎಂದದ್ದನ್ನು ಸಾಲಿನಲ್ಲಿದ್ದ ನಾನೇ ಕೇಳಿದೆ. “ಹೆದರಿಕೆ ಕಣೇ, ಗೋಡೆ ನೋಡು” ಎಂದು ಬೆತ್ತದಿಂದ ತೋರಿಸಿದರು. ಮಾರನೆಯ ದಿನ ಸಂಜೆ ವನಮಾಲಾ ತೀರಿಕೊಂಡಳು. ಹೃದಯ ನಿಂತಿರಬೇಕು, ಅವಳ ಆಯಸ್ಸೇ ಅಷ್ಟು ಎಂದರು. ಬೆಳಕು ಹರಿಯುವುದರೊಳಗೆ ಎಲ್ಲ ಮುಗಿಸಿ ಮೇಷ್ಟ್ರು ಮತ್ತೆ ಗೋಡೆಯ ಪಕ್ಕಕ್ಕೆ ಬಂದು ನಿಂತರು. ಊರೇ ಅವರಿಗೆ ಕೈಮುಗಿಯಿತು.

ಆಮೇಲೆ ನಮ್ಮ ಅತ್ತೆ ಬಿದ್ದರು. ಕೆಲವು ದಿನ ಬಾಯಿ ಕಟ್ಟಿಹೋಗಿತ್ತು. ಮನೆ ಬಿಕೋ ಎನ್ನುತ್ತಿತ್ತು. ಗೋಡೆಯ ಮೇಲೆ ಅವರ ಎದೆಯ ಎರಡು ಕಿಟಕಿಯೂ ಮಸಿ ಬಳಿದ ಹಾಗಿದ್ದವು. ಮೇಷ್ಟ್ರು ತಡಮಾಡದೆ ಒಳಗೆ ಮಲಗಿಸಿ ಆಕ್ಸಿಜನ್ ಸಿಲಿಂಡರ್ ಕೊಡಿಸಿದರು. ಆಸ್ಪತ್ರೆಯಲ್ಲಿ ಸಿಲಿಂಡರು ಇದ್ದದ್ದೇ ಕೆಲವು. ಎರಡೂ ಮುಚ್ಚಿದವರಿಗೆ ಮಾತ್ರ ಎಂಬ ನಿಯಮ. ಅತ್ತೆಗೆ ಪೂರ್ವದ ಕಿಟಕಿಯ ಪಕ್ಕದ ಮಂಚ ಸಿಕ್ಕಿತು. ದಿನ ಕಳೆದ ಹಾಗೆ ಜ್ವರ ಇಳಿಯಿತು, ಗಂಜಿ ಸೇರಿತು, ಬಾಯಿ ಬಂತು. ಗೋಡೆ ಮಾತ್ರ ಹಾಗೇ ಕಪ್ಪಗೆ ಇತ್ತು. ಹಾಗಾಗಿ ಸಿಲಿಂಡರೂ ಹಾಗೇ ಇತ್ತು. ಅತ್ತೆ ಮಾಸ್ಕನ್ನು ಗದ್ದಕ್ಕೆ ಇಳಿಸಿಕೊಂಡು ಬೈದು, ಬೈದಾದ ಮೇಲೆ ಮತ್ತೆ ಮೂಗಿಗೆ ಏರಿಸಿಕೊಳ್ಳುತ್ತಿದ್ದರು.

“ಏನೇ ರುದ್ರಾಣಿ, ಈ ಗಂಜಿಗೆ ಒಂದು ಹಳಕು ಉಪ್ಪಾಕಕ್ಕೂ ನಿನ್ ಕೈ ಬರ್ಲಿಲ್ವಾ, ಆ ನರ್ಸಮ್ಮ ನೋಡಿದ್ರೆ ಕಿಟಕಿ ಮುಚ್ಚದೇ ಹೋಯ್ತಾಳೆ, ಬೆಳಗಾದ್ರೆ ಬಿಸ್ಲು ಮೈಮೇಲೆ ಬಿದ್ದು ನನ್ ಕರುಳೆಲ್ಲ ಎದುರುಗಡೆ ಗೋಡೆ ಮೇಲೆ ಮೆರವಣಿಗೆ ಹೋಗುತ್ತೆ, ಸಾಯೋಳಿಗೂ ಮಾನ ಮರ್ವಾದೆ ಅಂತ ಬ್ಯಾಡ್ವಾ?”

ಇಷ್ಟನ್ನೂ ಒಂದೇ ಉಸಿರಿಗೆ ಹೇಳಿದರು. ಆಗ ವಾರ್ಡಿನ ಬಾಗಿಲಲ್ಲಿ ನಿಂತು ಕೇಳಿಸಿಕೊಂಡವರು ಡಾಕ್ಟರ್ ಫಿಲೋಮಿನಾ. ಹಳೆಯ ಡಾಕ್ಟರು ಜ್ವರ ಹಿಡಿದು ಮಲಗಿದ್ದರಿಂದ ಹೊರಗಿನಿಂದ ಕಳಿಸಿದ್ದರು. ಬಂದು ಇನ್ನೂ ಎರಡು ದಿನ ಆಗಿರಲಿಲ್ಲ. “ಸಾಯೋ ಅಜ್ಜಿಗೆ ಇಷ್ಟುದ್ದ ಬೈಯೋಕೆ ಉಸಿರು ಎಲ್ಲಿಂದ ಬರುತ್ತೆ?” ಎಂದು ನಕ್ಕು, ಅತ್ತೆಯ ಉಗುರು ನೋಡಿ, ನಾಲಿಗೆ ನೋಡಿ, ಈ ಸಿಲಿಂಡರ್ ಇನ್ನು ಇವರಿಗೆ ಬೇಡ ಎಂದರು. ಅತ್ತೆ ಮಾಸ್ಕನ್ನು ಎರಡೂ ಕೈಯಲ್ಲಿ ಅವುಚಿಕೊಂಡರು. ಮೇಷ್ಟ್ರು ಬಂದು, ಎರಡೂ ಮುಚ್ಚಿದವರ ಸಿಲಿಂಡರು ತೆಗೆಯುವ ಪದ್ಧತಿ ಈ ಊರಲ್ಲಿ ಇಲ್ಲ ತಾಯಿ ಎಂದು ನಯವಾಗಿಯೇ ಹೇಳಿದರು. ಡಾಕ್ಟರು ಅವರನ್ನೂ ಅಂಗಳದ ಗೋಡೆಯನ್ನೂ ನೋಡಿ ಮುಂದಿನ ಮಂಚಕ್ಕೆ ಹೋದರು. ಈ ಹೆಂಗಸಿಗೆ ಗೋಡೆ ಓದಲು ಬರುವುದಿಲ್ಲ ಎಂದು ಮಧ್ಯಾಹ್ನದೊಳಗೆ ಊರೆಲ್ಲ ಸುದ್ದಿಯಾಯಿತು.

ನಮ್ಮ ಯಜಮಾನರಿಗೂ ಆ ಹೊತ್ತಿಗೆ ಜ್ವರ ಬಂದಿತ್ತು. ತಾಯಿಯನ್ನು ಹೊತ್ತು ಓಡಾಡಿದ ಮನುಷ್ಯ, ಬರದೇ ಇರುತ್ತದೆಯೇ. ಮಾರನೆಯ ಬೆಳಿಗ್ಗೆ ಗೋಡೆಯ ಮುಂದೆ ನಿಂತರು. “ಎರಡೂ ತೆರೆದಿವೆ. ಕೆಲಸಕ್ಕೆ ಹೋಗಬಹುದು” ಎಂದರು ಮೇಷ್ಟ್ರು. ನಾನೂ ನೋಡಿದೆ, ಕನ್ನಡಿಯ ಹಾಗಿತ್ತು. ಹೃದಯ ಮಾತ್ರ ಓಟ ಕಿತ್ತವನ ಹಾಗೆ ಹೊಡೆದುಕೊಳ್ಳುತ್ತಿತ್ತು. ಅದು ಜ್ವರಕ್ಕೆ ಎಂದರು. ನನ್ನ ಎದೆಯ ಭಾರ ಇಳಿಯಿತು. ಮನೆಗೆ ಬರುವಾಗ ದಾರಿಯಲ್ಲಿ ಅವರು ಎರಡು ಕಡೆ ಜಗಲಿ ಹಿಡಿದು ನಿಂತರು. ಸುಸ್ತೇ ಎಂದೆ. ಹೂಂ ಎಂದರು. ಮಾತಿನವರಾಗಿದ್ದರೆ ಮಾತು ತುಂಡಾದದ್ದು ಗೊತ್ತಾಗುತ್ತಿತ್ತು. ಹೂಂ ಎನ್ನುವವರಲ್ಲಿ ಏನನ್ನು ಹುಡುಕುವುದು.

ಯಾರದೋ ಮದುವೆಗೆ ಒಂದು ತಾಳಿ ಬೆಸೆಯುವುದಿತ್ತು. ಅದೊಂದು ಮುಗಿಸಿಬಿಡುತ್ತೇನೆ ಎಂಬಂತೆ ದೀಪ ಹಚ್ಚಿ ಕೂತರು. ಊದುಗೊಳವೆಯಿಂದ ಊದಿದರೆ ದೀಪದ ಉರಿ ಸೂಜಿಯಷ್ಟು ಸಣ್ಣಗಾಗಿ ಬಂಗಾರದ ಮೇಲೆ ನಿಲ್ಲಬೇಕು, ಬೆಸುಗೆ ಕರಗುವವರೆಗೂ ಅಲುಗಬಾರದು. ನಮ್ಮ ಯಜಮಾನರು ಹಿಡಿದ ಉರಿ ಅಲುಗಿದ್ದನ್ನು ನಾನು ಕಂಡೇ ಇರಲಿಲ್ಲ. ಅಡುಗೆಮನೆಯಿಂದ ನೋಡುತ್ತಿದ್ದೆ. ಉರಿ ಎದ್ದಿತು, ಬಾಗಿತು, ಸತ್ತಿತು. ಮತ್ತೆ ಎದ್ದಿತು, ಮತ್ತೆ ಬಾಗಿತು. ಆಮೇಲೆ ಏಳಲೇ ಇಲ್ಲ.

ಹತ್ತಿರ ಹೋದೆ. ಎರಡೂ ಅಂಗೈಯನ್ನು ಮೊಣಕಾಲಿಗೆ ಊರಿ, ಹೆಗಲು ಮೇಲಕ್ಕೆಳೆದು ಎಳೆದು ಉಸಿರಾಡುತ್ತಿದ್ದರು. ಕುತ್ತಿಗೆಯ ಕೆಳಗಿನ ಗುಳಿ ಒಳಕ್ಕೆ ಸೇದಿಕೊಂಡು ಹೋಗುತ್ತಿತ್ತು. ತುಟಿ ನೇರಳೆ ಹಣ್ಣು ತಿಂದವರ ತುಟಿಯಾಗಿತ್ತು. ಏನಾಗುತ್ತಿದೆ ಎಂದು ಕೇಳಿದೆ. ನನ್ನ ಮುಖ ನೋಡಿ, ಯಾರೋ ಅಪರಿಚಿತಳನ್ನು ನೋಡಿದ ಹಾಗೆ ನೋಡಿ, “ಅಪ್ಪ... ಉಂಡ್ರಾ?” ಎಂದರು.

ಅವರ ಅಪ್ಪ ನಾನು ಈ ಮನೆಗೆ ಕಾಲಿಡುವ ಮೊದಲೇ ತೀರಿಹೋಗಿದ್ದವರು. ಅಷ್ಟು ಭಯ ನಾನು ಹಿಂದೆ ಪಟ್ಟಿರಲಿಲ್ಲ, ಮುಂದೆಯೂ ಪಟ್ಟಿಲ್ಲ.

ಎದುರುಮನೆಯ ಮಲ್ಲಣ್ಣ ಬಾಳೆಹಣ್ಣಿನ ಗಾಡಿಯಿಂದ ಗೊನೆಗಳನ್ನು ಇಳಿಸಿ ಅವರನ್ನು ಕೂರಿಸಿಕೊಂಡ. ಗಾಡಿ ತಳ್ಳುತ್ತ, “ಬೆಳಿಗ್ಗೆ ಗೋಡೆ ಚೆನ್ನಾಗೇ ಇತ್ತಲ್ಲಕ್ಕ” ಎಂದು ಮತ್ತೆ ಮತ್ತೆ ಹೇಳುತ್ತಿದ್ದ. ನನಗೆ ಸಮಾಧಾನ ಹೇಳುತ್ತಿದ್ದನೋ ತನಗೇ ಹೇಳಿಕೊಳ್ಳುತ್ತಿದ್ದನೋ. ಆಸ್ಪತ್ರೆ ಮುಟ್ಟುವಾಗ ಬಿಸಿಲು ಪಡುವಣಕ್ಕೆ ತಿರುಗಿತ್ತು. ಗೋಡೆ ಕೇಳೋಣವೆಂದರೆ ನಾಳೆ ಬೆಳಗಾಗಬೇಕು.

ವಾರ್ಡಿನ ಬಾಗಿಲಲ್ಲಿ ಮೇಷ್ಟ್ರಿದ್ದರು. ಕೆಟ್ಟ ಮನುಷ್ಯರಲ್ಲ; ಗಾಡಿಯಿಂದ ಇಳಿಸಲು ಅವರೇ ಕೈ ಕೊಟ್ಟರು. ಆದರೆ ಸಿಲಿಂಡರ್ ಎಂದಾಗ ತಲೆ ಅಲ್ಲಾಡಿಸಿದರು. “ನೋಡು ರುದ್ರಾಣಿ, ಎಲ್ಲ ಸಿಲಿಂಡರೂ ಎರಡು ಕಿಟಕಿ ಮುಚ್ಚಿದವರ ಹತ್ರ ಇವೆ. ತೆರೆದಿರೋನಿಗೆ ಅಂತ ಮುಚ್ಚಿರೋರಿಂದ ಕಿತ್ತುಕೊಡೋಕೆ ಆಗುತ್ತಾ? ನೀನು ಹೆದರಿದೀಯ. ನನ್ನ ಮಗಳದ್ದೂ ಗೋಡೆ ಚೆನ್ನಾಗಿತ್ತು ಕಣಮ್ಮ. ಅವಳ ಆಯಸ್ಸು ಮುಗಿದಿತ್ತು. ಗೋಡೇದು ತಪ್ಪಿರ್ಲಿಲ್ಲ.”

ಡಾಕ್ಟರು ಬಂದವರೇ ನೆಲದ ಮೇಲೆ ಕೂತು ಯಜಮಾನರ ಮುಖಕ್ಕೆ ಮುಖ ಕೊಟ್ಟರು. “ನಿಮ್ಮ ಹೆಸರು ಹೇಳಿ.” ಅವರು “ಮೌ” ಎಂದರು, ಉಸಿರೆಳೆದುಕೊಂಡರು. ಮಿಕ್ಕದ್ದು ಬರಲಿಲ್ಲ. ಡಾಕ್ಟರು ಎದೆಯ ಏರಿಳಿತವನ್ನು ಗಡಿಯಾರ ಹಿಡಿದು ನೋಡಿದರು, ಬೆರಳಿಗೆ ಒಂದು ಚಿಮುಟ ಹಾಕಿ ಅದರ ಅಂಕಿ ನೋಡಿದರು, ರಕ್ತದ ಒತ್ತಡ ನೋಡಿದರು, ಬೆನ್ನಿಗೆ ಕಿವಿಗೊಳವೆ ಇಟ್ಟರು. ಎದ್ದಾಗ ಅವರ ಮುಖದಲ್ಲಿ ನಗು ಇರಲಿಲ್ಲ.

“ಇವರಿಗೆ ಈಗಲೇ ಆಕ್ಸಿಜನ್ ಬೇಕು. ಬೆಳಿಗ್ಗೆ ಅಲ್ಲ, ಈಗ. ಆ ಅಜ್ಜಿದು ತೆಗೀರಿ.”

“ಅದು ಅವನ ತಾಯಿ” ಎಂದು ಯಾರೋ ಹೇಳಿದರು.

“ಗೊತ್ತಿರಲಿಲ್ಲ” ಎಂದರು ಡಾಕ್ಟರು. “ಆದರೂ ತೆಗೀರಿ. ಆಯಮ್ಮನ ಎದೇಲಿರೋದು ಹೋದ ಕಾಯಿಲೆ ಬಿಟ್ಟುಹೋದ ಕಲೆ. ಅದು ಅಳಿಸೋಕೆ ವಾರಗಟ್ಟಲೆ ಬೇಕು. ಇವರದ್ದು ಈಗ ಬರ್ತಿರೋ ಕಾಯಿಲೆ, ಗೋಡೆಗೆ ಇನ್ನೂ ತಲುಪಿಲ್ಲ. ನಾನು ಓದಿದ ಕಡೆ ಇದಕ್ಕೇ ಒಂದು ದೊಡ್ಡ ಮೆಷಿನ್ ಇತ್ತು. ಅಲ್ಲೂ ನಮಗೆ ಹೇಳಿಕೊಟ್ಟಿದ್ದು ಮೊದಲು ಮನುಷ್ಯನನ್ನ ನೋಡಿ, ಆಮೇಲೆ ಚಿತ್ರ ನೋಡಿ ಅಂತ.”

ಯಾರೂ ಕೈ ಹಚ್ಚಲಿಲ್ಲ. ವಾರ್ಡಿನವರು, ಬಾಗಿಲಲ್ಲಿ ಗುಂಪುಗಟ್ಟಿದವರು ಎಲ್ಲ ಮೇಷ್ಟ್ರ ಬೆತ್ತದ ಕಡೆ ನೋಡುತ್ತಿದ್ದರು. ಗಂಡನಿಗಾಗಿ ಅತ್ತೆಯ ಉಸಿರು ಕೇಳು ಎಂದರೆ ಯಾವ ಬಾಯಲ್ಲಿ ಕೇಳಲಿ.

ಅತ್ತೆ ಮಂಚದ ಮೇಲೆ ಎದ್ದು ಕೂತಿದ್ದರು. ಗೋಡೆಯನ್ನು ಅವರಷ್ಟು ನಂಬಿದವರು ಊರಲ್ಲಿ ಇನ್ನೊಬ್ಬರಿಲ್ಲ. ಡಾಕ್ಟರ ಮಾತು ಒಂದೂ ಅವರ ಕಿವಿಗೆ ಹೋಗಲಿಲ್ಲ ಎಂದು ಈಗಲೂ ನನ್ನ ನಂಬಿಕೆ. ಅವರು ಮಗನನ್ನೇ ನೋಡುತ್ತಿದ್ದರು. “ಏನ್ಲಾ ಮೌನಿ” ಎಂದು ಕರೆದರು. “ಮಾತಾಡ್ಲಾ.”

ಯಜಮಾನರು ಕತ್ತೆತ್ತಿ “ಅ” ಎಂದರು. ಅವ್ವ ಎಂಬ ಎರಡಕ್ಷರಕ್ಕೆ ಉಸಿರು ಸಾಲಲಿಲ್ಲ.

ಅತ್ತೆ ಮಾಸ್ಕು ಕಿತ್ತು ತೆಗೆದರು. ಮಂಚದಿಂದ ಇಳಿದು ಬಂದು ಅದನ್ನು ಮಗನ ಮೂಗಿಗೆ ಒತ್ತಿ ಹಿಡಿದು, “ಈ ಮಂಚಕ್ಕೆ ಹತ್ಸಿ ಇವುನ್ನ” ಎಂದರು. ಆಮೇಲೆ ನನ್ನ ಕಡೆ ತಿರುಗಿ ಸೊಂಟದ ಬೀಗದ ಕೈ ಬಿಚ್ಚಿ ಕೊಟ್ಟರು. “ಉಪ್ಪಿನಕಾಯಿ ಜಾಡಿಗೆ ಒದ್ದೆ ಕೈ ಹಾಕ್ಬ್ಯಾಡ. ಅವ್ನು ಮಾತಾಡಲ್ಲ ಅಂತ ಸುಮ್ಕಿರ್ಬ್ಯಾಡ, ಕೇಳ್ಕೇಳಿ ಮಾತಾಡ್ಸು. ನಂಗೆ ಬೆಳಗಾಗಕ್ ಮುಂಚೆ ಮಣ್ ಮಾಡ್ರಿ, ಗೋಡೆಗೆ ನೆರಳು ಬೀಳೋದು ಬ್ಯಾಡ.” ಇಷ್ಟು ಹೇಳಿ ವರಾಂಡಕ್ಕೆ ನಡೆದುಹೋಗಿ, ಚಾಪೆ ಹಾಸಿಕೊಂಡು, ಸೆರಗು ಮುಖಕ್ಕೆಳೆದುಕೊಂಡು ಸಾಯಲು ಮಲಗಿದರು. ಅವರು ಬದುಕುತ್ತಾರೆ ಎಂದು ಡಾಕ್ಟರಿಗೆ ಗೊತ್ತಿತ್ತು. ಅತ್ತೆಗೆ ಗೊತ್ತಿರಲಿಲ್ಲ. ಆ ಮುದುಕಿ ಸಾಯುತ್ತೇನೆ ಎಂದು ನಂಬಿಯೂ ತನ್ನ ಉಸಿರನ್ನು ತೆಗೆದು ಕೊಟ್ಟಿದ್ದಳು. ನಾನು ಅವರ ಕಾಲ ಹತ್ತಿರ ಹೋಗಿ ಅಳತೊಡಗಿದೆ. ಅಳಬೇಡ, ಹೋಗಿ ಗಂಡನ್ ನೋಡ್ಕೊ ಎಂದು ಸೆರಗಿನೊಳಗಿಂದಲೇ ಗದರಿದರು.

ಬೆಳಗಾಯಿತು. ಡಾಕ್ಟರೂ ನಾನೂ ಸೇರಿ ಯಜಮಾನರನ್ನು ದಿಂಬು ಒರಗಿಸಿ ಕೂರಿಸಿದ್ದೆವು. ಉಸಿರು ಇನ್ನೂ ಎಳೆದೆಳೆದು ಬರುತ್ತಿತ್ತು, ಆದರೆ ಬರುತ್ತಿತ್ತು. ತುಟಿಯ ಬಣ್ಣ ತಿಳಿಯಾಗಿತ್ತು. ಎಲ್ಲರಿಗೂ ಜೋಂಪು. ಆಗ ವರಾಂಡದಿಂದ ಕೇಳಿಸಿತು: “ಸತ್ತೋಳಿಗೆ ಕಾಫಿ ಬ್ಯಾಡ ಅನ್ಕೊಂಡ್ರೇನೇ ಎಲ್ರೂವೆ, ಒಬ್ರಾದ್ರೂ ಬಂದು ಇದಾಳಾ ಹೋದ್ಳಾ ಅಂತ ನೋಡ್ಬಾರ್ದಾ?” ಅತ್ತೆ ಸೆರಗು ಕೊಡವಿಕೊಂಡು ಒಳಗೆ ಬಂದರು. ಬಂದು ಮಗನ ಮಂಚದ ಪಕ್ಕ ನಿಂತರು. ನರ್ಸಮ್ಮ ಆ ದಿನವೂ ಕಿಟಕಿ ಮುಚ್ಚಿರಲಿಲ್ಲ.

ಬಿಸಿಲು ಒಳಗೆ ಬಂತು. ಎದುರಿನ ಸುಣ್ಣದ ಗೋಡೆಯ ಮೇಲೆ ತಾಯಿ ಮಗನ ನೆರಳು ಅಕ್ಕಪಕ್ಕ ಬಿದ್ದವು. ಮಗನ ಎದೆಯಲ್ಲಿ ನಿನ್ನೆಯ ಬೆಳ್ಳನೆ ಕಿಟಕಿಗಳು ಇರಲೇ ಇಲ್ಲ. ಎರಡೂ ಕಪ್ಪು. ತಾಯಿಯದೂ ಎರಡೂ ಕಪ್ಪು. ಹೆಚ್ಚಿಲ್ಲ, ಕಡಿಮೆಯಿಲ್ಲ. ಒಬ್ಬರು ಕಾಫಿಗಾಗಿ ಜಗಳಕ್ಕೆ ನಿಂತಿದ್ದರು, ಇನ್ನೊಬ್ಬರು ಒಂದು ಉಸಿರಿಗಾಗಿ ಇಡೀ ಮೈಯನ್ನು ದುಡಿಸುತ್ತಿದ್ದರು, ಗೋಡೆ ಇಬ್ಬರಿಗೂ ಒಂದೇ ಮಾತು ಹೇಳುತ್ತಿತ್ತು. ವಾರ್ಡಿನಲ್ಲಿ ಕೆಮ್ಮುವವರೂ ಕೆಮ್ಮು ತಡೆದುಕೊಂಡರು. ನಿನ್ನೆ ಸಂಜೆ ನಾವು ಮನೆಗೆ ತಿರುಗಿ ಹೋಗಿದ್ದರೆ ಇಷ್ಟು ಹೊತ್ತಿಗೆ ಮಣ್ಣು ಮಾಡಿ ಮುಗಿದಿರುತ್ತಿತ್ತು, ಆಯಸ್ಸು ಅಷ್ಟೇ ಎನ್ನುತ್ತಿದ್ದರು, ಈ ಕಪ್ಪನ್ನು ಯಾರೂ ನೋಡುತ್ತಿರಲಿಲ್ಲ.

ಅದು ನನಗೆ ಹೊಳೆದ ಹೊತ್ತಿನಲ್ಲೇ ಬಾಗಿಲಲ್ಲಿದ್ದ ಮೇಷ್ಟ್ರಿಗೂ ಹೊಳೆಯಿತು. ಅಂಗಳದ ಸಾಲು ಬಿಟ್ಟು ಅತ್ತೆಯ ಗದ್ದಲ ಕೇಳಿ ಬಂದಿದ್ದರು. ಗೋಡೆ ನೋಡಿದರು. ಬೆತ್ತವನ್ನು ಬಾಗಿಲಿಗೆ ಒರಗಿಸಿಟ್ಟು, ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತರು. ಡಾಕ್ಟರನ್ನು ನೋಡಿ, ಪಾಠ ಕೇಳುವ ಹುಡುಗನ ದನಿಯಲ್ಲಿ, “ವನಮಾಲಾನ ಅವತ್ತು ಬೆಳಗಾಗೋವರೆಗೂ ಇಟ್ಕೊಂಡಿದ್ದು ನೋಡಿದ್ರೆ ಹೀಗೇ ಇರ್ತಿತ್ತಾ ತಾಯಿ?” ಎಂದರು.

ಡಾಕ್ಟರು ಮೇಷ್ಟ್ರ ಪಕ್ಕ ಹೊಸ್ತಿಲ ಮೇಲೆ ಕೂತರು.

“ಏದುಸಿರು ಬರುತ್ತೆ ಅಂತ ಅವಳು ಹೇಳಿದ್ಲು” ಎಂದರು ಮೇಷ್ಟ್ರು. “ನಾನು ಅವಳ ಕಡೆ ತಿರುಗಲೇ ಇಲ್ಲ.”

ಊರಲ್ಲಿ ಯಾರೂ ಅವರನ್ನು ಬೈಯಲಿಲ್ಲ. ಕಿಟಕಿ ತೆರೆದಿದ್ದೂ ಹೋದವರ ಹೆಸರುಗಳು ಒಂದೊಂದಾಗಿ ಎಲ್ಲರ ಮನಸ್ಸಿಗೂ ಬಂದಿರಬೇಕು. ಎಣ್ಣೆ ಗಾಣದ ಮುದುಕ, ಮಲ್ಲಣ್ಣನ ತಂಗಿ. ನಾವೆಲ್ಲ ಗೋಡೆಯ ಕಡೆಯೇ ಮುಖ ಮಾಡಿ ನಿಂತಿದ್ದವರು. ಆ ದಿನ ಅಂಗಡಿ ತೆರೆಯಲಿಲ್ಲ, ಒಲೆ ಹಚ್ಚಿದ ಮನೆ ಕಡಿಮೆ.

ನಮ್ಮ ಯಜಮಾನರು ಉಳಿದರು. ನಿಧಾನವಾಗಿ ಉಳಿದರು. ಗೋಡೆ ಬಹಳ ದಿನ ಕಪ್ಪಗೇ ಇತ್ತು. ಅಷ್ಟರಲ್ಲಿ ಅವರು ಮುದ್ದೆ ಉಣ್ಣುತ್ತಿದ್ದರು. ಅತ್ತೆ ಬೀಗದ ಕೈ ವಾಪಸು ಕೇಳಿ ಇಸಿದುಕೊಂಡರು. ನಾನು ಅವರು ಹೇಳಿದ್ದನ್ನು ಬಿಡಲಿಲ್ಲ. ದಿನಾ ಬೆಳಿಗ್ಗೆ ಯಜಮಾನರನ್ನು ಎದುರು ಕೂರಿಸಿಕೊಂಡು ಒಂದು ಉದ್ದನೆಯ ಮಾತು ಹೇಳಿಸುತ್ತೇನೆ. ಅವರು ಸಂಕೋಚದಿಂದ ಕೆಂಪಾಗಿ, ಪೇಟೆಯಲ್ಲಿ ಕಂಡದ್ದನ್ನೋ ಬಂಗಾರದ ಧಾರಣೆಯನ್ನೋ ತಡೆಯಿಲ್ಲದೆ ಹೇಳಿ ಮುಗಿಸುತ್ತಾರೆ. ತಾಳಿಯ ಬೆಸುಗೆಯೂ ಆಯಿತು, ಮದುವೆಯೂ ಆಯಿತು.

ಮೇಷ್ಟ್ರು ಇನ್ನು ಆಸ್ಪತ್ರೆಯ ಕಡೆ ಬರುವುದಿಲ್ಲ ಎಂದುಕೊಂಡಿದ್ದೆವು. ಬಂದರು. ಬೆತ್ತ ತರಲಿಲ್ಲ. ಗೋಡೆಗೆ ಬೆನ್ನು ಮಾಡಿ, ಬಿಸಿಲಿಗೂ ಜನರಿಗೂ ಮುಖ ಕೊಟ್ಟು ನಿಂತರು. ಈಗ ಜ್ವರದವರು ನೆರಳಿನ ಕಡೆ ನೋಡುವ ಮೊದಲು ಅವರ ಮುಂದೆ ನಿಲ್ಲಬೇಕು. ನಿನ್ನ ಹೆಸರು, ನಿನ್ನ ಬೀದಿ, ನಿನ್ನೆ ಉಂಡದ್ದು, ಎಲ್ಲ ಒಂದೇ ಉಸಿರಿಗೆ ಹೇಳು ಎನ್ನುತ್ತಾರೆ. ತುಟಿ ನೋಡುತ್ತಾರೆ, ಉಗುರು ನೋಡುತ್ತಾರೆ. ತಡವರಿಸಿದವರನ್ನು ಕೈಹಿಡಿದು ನೇರ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಾರೆ. ಗೋಡೆಯ ಸರದಿ ಆಮೇಲೆ.

ಹಾಗೆ ನಿಲ್ಲುವುದರಿಂದ ಅವರ ನೆರಳೇ ಹಿಂದಿನ ಗೋಡೆಯ ಮೇಲೆ ಬೀಳುತ್ತದೆ. ಅವರಿಗೆ ಅದು ಕಾಣುವುದಿಲ್ಲ, ಸಾಲಿನಲ್ಲಿರುವ ನಮಗೆ ಕಾಣುತ್ತದೆ. ಕೊಡೆ ಹಿಡಿಯುವ ಯೋಚನೆ ಅವರಿಗೆ ಬಂದಿಲ್ಲ, ನಾವೂ ಹೇಳಿಲ್ಲ. ಯಾವುದಾದರೂ ಹುಡುಗಿ ಬಂದು ಮುಂದೆ ನಿಂತು ಬಾಯಿ ತೆರೆದಾಗ ಗೋಡೆಯ ಮೇಲೆ ಆ ಮುದಿ ಹೃದಯ ಎದ್ದುಬಿದ್ದು ಹೊಡೆದುಕೊಳ್ಳಲು ಶುರುಮಾಡುತ್ತದೆ. ಅವಳು ಹೆಸರು ಹೇಳಿ, ಬೀದಿ ಹೇಳಿ, ಉಂಡದ್ದನ್ನು ಹೇಳಿ, ಮಾತು ಪೂರಾ ಮುಗಿಸುವವರೆಗೂ ಅದು ನಿಲ್ಲುವುದಿಲ್ಲ.